ಚೀಲದ ಬಾಯಿಯ ಚಿಂದಿ

ಜಮಖಾನಿಯನ್ನು ಕಲ್ಲಿಗೆ ಹಾಕಿ ಒಗೆಯುತ್ತಿದ್ದೆ. ಅದು ಕೇಶ್ವಾಪುರದ ಕಮರುದ್ದೀನನ ಮಿರ್ಚಿ-ಗಿರ್ಮಿಟ್ಟಿನ ಅಂಗಡಿಯ ಬಾಗಿಲಿಗೆ ಹಾಸಲು, ಅವನ ಹಳೆ ಪರದೆಗಳಿಂದಲೇ ಮಾಡಿಕೊಟ್ಟ ಜಮಖಾನಿ. ಹಳೆ ಬಟ್ಟೆ ಸೀಳಿ ನೇಯ್ದದ್ದು ಎಷ್ಟು ಸಲ ಒಗೆದರೂ ಕೆಡುವುದಿಲ್ಲ ಎಂದು ನಮ್ಮ ಯಜಮಾನರು ಶರೀಫಸಾಬರು ಊರ ತುಂಬ ಹೇಳಿಕೊಂಡು ಬಂದಿದ್ದರು. ಹೇಳುವ ಹುರುಪಿನಲ್ಲಿ ಮೊದಲನೇ ಒಗೆತ ಪುಕ್ಕಟೆ ಅಂತಲೂ ಸೇರಿಸಿದ್ದರು. ಮಾತು ಅವರದು, ಒಗೆಯುವ ಕೈ ಹೆಂಡತಿ ಹಾಜರಾಳದು, ಅಂದರೆ ನನ್ನದು. ಮಿರ್ಚಿಯ ಎಣ್ಣೆ, ಚಹಾದ ಕಲೆ, ಅರ್ಧ ಹುಬ್ಬಳ್ಳಿಯ ಚಪ್ಪಲಿಯ ಮಣ್ಣು, ಎಲ್ಲ ಕೂಡಿ ನೀರು ಕಪ್ಪಗೆ ಹರಿಯುತ್ತಿತ್ತು. ಬಹಳ ಹೊತ್ತಿನ ಮೇಲೆ ತಿಳಿಯಾಯಿತು. ಆಗ ಒಂದು ಎಳೆ ತಿರುಚಿಕೊಂಡು ಮೇಲೆ ಬಂತು. ಅದರ ಮೇಲೆ ಬಿಳಿ ದಾರದ ಕಸೂತಿ. ಅರ್ಧ ಗೋಪುರ.

ಮಿರ್ಚಿ ಅಂಗಡಿಯ ಪರದೆಗೆ ಯಾರೂ ಕಸೂತಿ ಹಾಕುವುದಿಲ್ಲ.

ಯಜಮಾನರು ಅಂಗಳದಲ್ಲಿ ಒಂದು ಬಟ್ಟೆಯ ತುಂಡು ಹಿಡಿದು ಮೊಪೆಡ್ಡಿನ ಸೀಟು ಒರೆಸುತ್ತಿದ್ದರು. ಕರೆದು ತೋರಿಸಿದೆ. ಬಗ್ಗಿ ನೋಡಿ, ಬಣ್ಣ ಒಂಚೂರೂ ಬಿಟ್ಟಿಲ್ಲ ಅಂತ ಸಂತೋಷಪಟ್ಟರು.

"ಬಣ್ಣ ಬಿಟ್ಟಿಲ್ಲ, ಖರೇ," ಅಂದೆ. "ಇದು ಯಾರ ಸೀರಿ?"

ಅವರು ಮತ್ತೊಮ್ಮೆ ನೋಡಿದರು. ಆಮೇಲೆ ಹೊಸ ಪಾಯಜಾಮದ ಮೇಲೆಯೇ ಹಸಿ ಕಲ್ಲಿನ ತುದಿಗೆ ಕೂತುಬಿಟ್ಟರು.

ನಮ್ಮ ಕೆಲಸದ ರೀತಿ ಸ್ವಲ್ಪ ಹೇಳಬೇಕು. ಬೈರಿದೇವರಕೊಪ್ಪದ ನಮ್ಮ ಮನೆಯಲ್ಲಿ ಇರುವುದು ಒಂದೇ ಮಗ್ಗ, ಹಾಗಾಗಿ ಎಲ್ಲ ಜಮಖಾನಿಯ ಅಳತೆಯೂ ಒಂದೇ. ಜನ ಹಳೆ ಸೀರೆ, ಚಾದರ, ಪರದೆ ತಂದುಕೊಡುತ್ತಾರೆ. ಅದನ್ನು ಒಗೆದು, ಬೆರಳಗಲ ಸೀಳಿ, ಉಂಡೆ ಸುತ್ತಿ, ಚೀಲಕ್ಕೆ ತುಂಬುತ್ತೇವೆ. ಉಂಡೆಯಾದ ಮೇಲೆ ಯಾರ ಬಟ್ಟೆ ಯಾವುದು ಅಂತ ಹೊಲಿದವರಿಗೂ ಗೊತ್ತಾಗುವುದಿಲ್ಲ, ಉಟ್ಟವರಿಗೂ ಗೊತ್ತಾಗುವುದಿಲ್ಲ. ಅದಕ್ಕೆ ನಾನು ಸೀಳುವ ಮೊದಲೇ ಆಯಾ ಬಟ್ಟೆಯ ಒಂದು ತುಂಡು ಕತ್ತರಿಸಿ ಆಯಾ ಚೀಲದ ಬಾಯಿಗೆ ಕಟ್ಟುತ್ತೇನೆ. ನಮ್ಮ ಅತ್ತೆ ಹಾಗೆ ಮಾಡುತ್ತಿದ್ದರು, ನಾನೂ ಹಾಗೆಯೇ ಮಾಡುತ್ತೇನೆ. ಒಂದು ಸಲವೂ ತಪ್ಪಿರಲಿಲ್ಲ.

ತಪ್ಪುವುದಕ್ಕೆ ಕಾರ್ಡು ಬರಬೇಕಾಯಿತು. ಧಾರವಾಡದಿಂದ ಏಕನಾಥರಾಯರು ಅವರ ತಂಗಿ ಇಂದೂಬಾಯಿಯ ಜೊತೆ ಕಾರಿನಲ್ಲಿ ಬಂದು ತಮ್ಮ ತೀರಿಹೋದ ತಾಯಿಯ ಸೀರೆಗಳನ್ನು ಕೊಟ್ಟುಹೋದ ಮೇಲೆ ಶರೀಫಸಾಬರ ನಡಿಗೆಯೇ ಬದಲಾಯಿತು. ಏಕನಾಥರಾಯರು ದೊಡ್ಡ ಕಚೇರಿಯಿಂದ ನಿವೃತ್ತರಾದವರು. ಅವರ ತಾಯಿ, ಮನೆಯವರೆಲ್ಲ ಆಯಿ ಅನ್ನುತ್ತಿದ್ದವರು, ಓಣಿಯ ಮಕ್ಕಳಿಗೆಲ್ಲ ಹಾಡು ಕಲಿಸಿದವರು. ಆಯಿ ಕೂತು ಕಲಿಸುತ್ತಿದ್ದ ಜಾಗದಲ್ಲಿ ಆಯಿಯ ಸೀರೆಯದೇ ಒಂದು ಜಮಖಾನಿ ಇರಲಿ ಎಂಬುದು ಇಂದೂಬಾಯಿಯ ವಿಚಾರ. ಕಡೆಯ ವರ್ಷಗಳಲ್ಲಿ ತಾಯಿಯನ್ನು ನೋಡಿಕೊಂಡವರು ಅವರೇ. ಗಂಟು ಬಿಚ್ಚುವಾಗ ಒಂದೊಂದೇ ಸೀರೆಯ ಮಡಿಕೆ ಸರಿಮಾಡಿ, ಸರಿಮಾಡಿ ನನ್ನ ಕೈಗೆ ಕೊಟ್ಟರು. ಸೀಳುವುದಕ್ಕೆ ಕೊಡುವ ಬಟ್ಟೆಗೆ ಯಾರೂ ಮಡಿಕೆ ಸರಿಮಾಡುವುದಿಲ್ಲ.

ಇಂಥ ದೊಡ್ಡ ಜನ ಬರುವ ಕಡೆ ಚೀಲದ ಬಾಯಿಗೆ ಚಿಂದಿ ಕಟ್ಟಿದ್ದರೆ ಚಿಂದಿ ಧಂದೆ ಅಂತಾರೆ ಎಂಬುದು ಯಜಮಾನರ ಚಿಂತೆಯಾಯಿತು. ನಾನು ನವಲಗುಂದಕ್ಕೆ ತಂಗಿಯ ಮಗಳ ಮದುವೆಗೆ ಹೋದಾಗ 'ಶರೀಫ್ ರಗ್ಸ್, ಹುಬ್ಬಳ್ಳಿ' ಅಂತ ಬಂಗಾರದ ಅಕ್ಷರದ ಕಾರ್ಡು ಛಾಪಿಸಿದರು. ಚಿಂದಿಗಳನ್ನೆಲ್ಲ ಬಿಚ್ಚಿ ಎಸೆದರು. ಆಮೇಲೆ ಕಾರ್ಡಿನ ಹಿಂದೆ ಗಿರಾಕಿಯ ಹೆಸರು ಬರೆದು ಚೀಲಕ್ಕೊಂದು ಕಟ್ಟಿದರು. ಮೊದಲು ಚಿಂದಿ ಬಿಚ್ಚಿ, ಆಮೇಲೆ ಹೆಸರು ಬರೆದರು. ಇಷ್ಟೇ ನೋಡಿ ಆದದ್ದು. ಆಯಿಯ ಸೀರೆಗಳೂ ಹಸಿರು, ಕೆಂಪು ನೂಲಿನವು; ಕಮರುದ್ದೀನನ ಪರದೆಗಳೂ ಹಸಿರು, ಕೆಂಪು ನೂಲಿನವು. ನಾನು ಬಂದು ಕಾರ್ಡು ಓದಿ, ಏಕನಾಥರಾಯರದು ಅಂತ ಜೀವ ಇಟ್ಟು ನೇಯ್ದೆ. ಕಾಲೊರಸುವುದು ತಾನೇ ಅಂತ ಇನ್ನೊಂದನ್ನು ಯಜಮಾನರೇ ನೇಯ್ದರು. ಅವರು ನೇಯುವಾಗ ರೇಡಿಯೋ ಕೇಳುತ್ತಾರೆ.

ಅಂದರೆ ಆಯಿ ಮಿರ್ಚಿ ಅಂಗಡಿಯ ಹೊಸ್ತಿಲಲ್ಲಿದ್ದರು. ಮಿರ್ಚಿ ಅಂಗಡಿಯ ಪರದೆ ಧಾರವಾಡದಲ್ಲಿ ಆಯಿಯ ಜಾಗದಲ್ಲಿ ಕೂತಿತ್ತು.

ಈಗಲೇ ಹೋಗಿ ಹೇಳಿಬಿಡುತ್ತೇನೆ, ಬಾಯಿ ಇರುವುದು ಯಾತಕ್ಕೆ ಅಂತ ಯಜಮಾನರು ಪಾಯಜಾಮ ಬದಲಿಸಿ ಮೊಪೆಡ್ ಹತ್ತಿದರು. ನನಗೆ ಸಮಾಧಾನವಾಯಿತು. ತೊಳೆದದ್ದನ್ನು ತಂತಿಗೆ ಹಾಕಿ ಒಳಗೆ ನಮಾಜಿಗೆ ನಿಂತೆ. ಎದ್ದು ಬರುವುದರಲ್ಲಿ ಕಮರುದ್ದೀನನ ಅಂಗಡಿಯವರು ಬಂದು, ಒಣಗುವುದಕ್ಕೂ ಕಾಯದೆ ಜಮಖಾನಿ ಎಳೆದುಕೊಂಡು ಹೋಗಿಬಿಟ್ಟಿದ್ದರು.

ಸಂಜೆಗೆ ಯಜಮಾನರು ಬಂದರು. ಹೆಗಲ ಮೇಲೆ ಶಾಲು, ಕೈಯಲ್ಲಿ ತೆಂಗಿನಕಾಯಿ, ಪೇಢೆಯ ಡಬ್ಬಿ. ಹೇಳಿದಿರಾ ಅಂತ ಕೇಳಿದೆ. ಪೇಢೆ ತಿನ್ನು ಅಂದರು.

ಅಲ್ಲಿ ಆದದ್ದನ್ನು ಅವರು ನನಗೆ ಒಂದೇ ಸಲ ಹೇಳಲಿಲ್ಲ. ಇವತ್ತಿಷ್ಟು, ನಾಳೆ ಇಷ್ಟು ಹೇಳಿದರು. ಉಳಿದದ್ದು ಏಕನಾಥರಾಯರ ಮೊಮ್ಮಗಳು ಚಿನ್ಮಯೀ ಒಮ್ಮೆ ನಮ್ಮ ಮನೆಗೆ ಬಂದಾಗ ತಿಳಿಯಿತು. ಅವಳು ಆಯಿಯ ಹತ್ತಿರ ಹಾಡು ಕಲಿತವಳು, ಕಾಲೇಜಿಗೆ ಹೋಗುತ್ತಾಳೆ.

ಯಜಮಾನರು ಹೋದಾಗ ಆ ಮನೆಯ ಮುಂದೆ ಚಪ್ಪಲಿಗಳ ರಾಶಿ ಇತ್ತಂತೆ. ಜಮಖಾನಿ ಹಾಸುವುದಕ್ಕೇ ಒಂದು ಕಾರ್ಯಕ್ರಮ. ಆಯಿಯ ಹಳೆ ಶಿಷ್ಯರು, ಓಣಿಯವರು, ಕರೆಂಟ್ ಆಫೀಸಿನ ಒಬ್ಬ ಸಾಹೇಬರು. ನಮ್ಮ ಯಜಮಾನರನ್ನು ಕಂಡದ್ದೇ ಏಕನಾಥರಾಯರು, ಕರೆಯುವ ಮೊದಲೇ ಬಂದರಲ್ಲ, ಇದು ಆಯಿಯ ಪ್ರೇರಣೆಯೇ ಅಂತ ಕೈಹಿಡಿದು ಮುಂದಿನ ಕುರ್ಚಿಗೆ ಕೂಡಿಸಿದರು. ನಿಮ್ಮ ಹತ್ತಿರ ಒಂದು ಮಾತು ಅಂತ ಇವರು ಬಾಯಿ ತೆಗೆದರೆ, ಆಮೇಲೆ ನಿಮಗೆ ಮಾತಾಡಲು ಸಮಯವಿದೆ ಅಂತ ಶಾಲು ಹೊದಿಸಿದರು. ಇನ್ನೊಂದು ಸಲ ಬಾಯಿ ತೆಗೆದರೆ ಪೇಢೆ ಇಟ್ಟರು.

ಶಾಲು ಎಂಬುದು ಬೆಚ್ಚಗಿರುತ್ತದೆ. ನಮ್ಮ ವಂಶದಲ್ಲಿ ಅದನ್ನು ಸಭೆಯಲ್ಲಿ ಹೊದ್ದವರು ಯಾರೂ ಇರಲಿಲ್ಲ.

ಏಕನಾಥರಾಯರು ಭಾಷಣ ಮಾಡಿದರು. ಆಯಿಯ ಬಾಯಲ್ಲಿ ಯಾವಾಗಲೂ ಅಜವಾನ, ಓಮಿನ ಕಾಳು, ಇರುತ್ತಿತ್ತು, ಕಂಠಕ್ಕೆ ಒಳ್ಳೆಯದು ಅಂತ ಅಗಿಯುತ್ತಿದ್ದರು, ಈ ಜಮಖಾನಿಗೆ ಮೂಗು ಹಚ್ಚಿದರೆ ಈಗಲೂ ಅದೇ ವಾಸನೆ ಅಂತ ಕಣ್ಣೊರೆಸಿಕೊಂಡರು. ಎಲ್ಲರೂ ಒಬ್ಬೊಬ್ಬರಾಗಿ ಬಗ್ಗಿ ಮೂಸಿದರು. ಹೌದು, ಅಜವಾನ. ಕರೆಂಟ್ ಆಫೀಸಿನ ಸಾಹೇಬರು ಮೂಸಿ, ಯಾಕೋ ಹಸಿವಾಗುತ್ತಿದೆ ಅಂದರಂತೆ. ಆಗದೇ ಏನು. ಆ ಪರದೆ ಎಷ್ಟೋ ವರ್ಷ ಮಿರ್ಚಿಯ ಕಡಾಯಿಯ ಪಕ್ಕದಲ್ಲಿ ತೂಗಾಡಿದ್ದು, ಕಮರುದ್ದೀನ ಮಿರ್ಚಿಯ ಹೊಟ್ಟೆಗೆ ತುಂಬುವುದೇ ಅಜವಾನ.

ಕಡೆಗೆ ಇಂದೂಬಾಯಿ ಬಂದು ಜಮಖಾನಿಯ ಮೇಲೆ ಕೂತರು. ಅಂಗೈಯಿಂದ ಸವರಿದರು. ಅಂಚಿನ ಕಡೆ ಬೆರಳಾಡಿಸಿದರು.

"ಅಣ್ಣಾ, ಇದರಾಗ ಆಯಿ ಇಲ್ಲ," ಅಂದರು.

ಏಕನಾಥರಾಯರು ನಗುತ್ತ, "ಅಜವಾನದ ವಾಸನಿ ಬರಲಿಕ್ಹತ್ತದ ಇಂದೂ, ನಿನಗ ಬರವೊಲ್ಲದೇನು?" ಅಂದರು.

"ಆಯಿ ಅಜವಾನ ಬಿಟ್ಟು ವರ್ಷಗಟ್ಟಲೆ ಆಗಿತ್ತು. ಕಡೀಕಡೀಗೆ ಜ್ಯೇಷ್ಠಮಧು ಕುಟ್ಟಿ ಬಾಯಾಗ ಹಾಕತಿದ್ದಾಕಿ ನಾನು. ನಿನಗ ಹ್ಯಾಂಗ ಗೊತ್ತಿರಬೇಕು?"

ಇಷ್ಟು ಜನರ ಮುಂದೆ ಅಂದದ್ದು ಏಕನಾಥರಾಯರಿಗೆ ತಾಗಿತು. ಹಿಂದಿನ ಸಾಲಿನಲ್ಲಿ ಯಾರೋ, ತಾಯಿ ಹೋದ ದುಃಖಕ್ಕೆ ತಲೆ ಸರಿಯಿಲ್ಲ ಅಂದರು. ಮತ್ಯಾರೋ, ಜಮಖಾನಿ ತನ್ನ ಪಾಲಿಗೆ ಬರಲಿಲ್ಲವೆಂಬ ಹೊಟ್ಟೆಕಿಚ್ಚು ಅಂದರು. ಏಕನಾಥರಾಯರು ನಮ್ಮ ಯಜಮಾನರ ಕಡೆ ತಿರುಗಿದರು.

"ನೇಯ್ದವರು ಇಲ್ಲೇ ಇದ್ದಾರಲ್ಲ. ನೀವಽ ಹೇಳ್ರಿ ಸಾಬರಽ, ಇದು ನಮ್ಮ ಆಯಿ ಸೀರಿ ಹೌದೋ ಅಲ್ಲೋ?"

ಹೇಳುವುದಕ್ಕೇ ಹೋಗಿದ್ದ ಮಾತು. ಕೇಳುವವರು ಎದುರಿಗೇ ನಿಂತು ಕೇಳಿದ್ದಾರೆ. ಯಜಮಾನರು ಪೇಢೆ ನುಂಗಿದರು, ಶಾಲು ಸರಿಮಾಡಿಕೊಂಡರು. "ತೊಳದ ಮ್ಯಾಲೆ ಬಟ್ಟಿ ಸ್ವಭಾವ ಬದಲಾಗ್ತೈತ್ರಿ," ಅಂದರು.

ಜನ ಚಪ್ಪಾಳೆ ತಟ್ಟಿದರಂತೆ. ಏನು ತಿಳಿದು ತಟ್ಟಿದರೋ. ಇಂದೂಬಾಯಿ ಎದ್ದು ಒಳಗೆ ಹೋದರು. ಮರುದಿನ ರೈಲು ಹತ್ತಿ ಮಿರಜಕ್ಕೆ, ಚಿಕ್ಕಮ್ಮನ ಮನೆಗೆ ಹೋದರು. ಮತ್ತೆ ಬರಲಿಲ್ಲ.

ಇದನ್ನು ತಿಳಿದ ಮೇಲೆ ನನಗೆ ಊಟ ಸೇರಲಿಲ್ಲ. ಬಟ್ಟೆ ಅದಲುಬದಲಾದರೆ ಬೇರೆ ನೇಯಬಹುದು. ತಾಯಿಯ ಮೈ ಒರೆಸಿದ ಮಗಳನ್ನು ಸುಳ್ಳಿ ಮಾಡಿ ಮನೆಯಿಂದ ಕಳಿಸಿದ್ದಕ್ಕೆ ಏನು ನೇಯಬೇಕು? ಯಜಮಾನರು ಗಾಬರಿಯಾಗಬೇಡ, ಉಪಾಯವಿದೆ ಅಂದರು. ಸೀರೆಯ ಜಮಖಾನಿಯನ್ನು ಕಮರುದ್ದೀನನಿಂದ ಬಿಡಿಸಿಕೊಳ್ಳುವುದು, ಧಾರವಾಡದ್ದನ್ನು ತೊಳೆಯಲು ತರುವುದು, ಸದ್ದಿಲ್ಲದೆ ಬದಲಿಸುವುದು. ಬಾಯಿ ತೆಗೆಯುವ ಕೆಲಸವೇ ಇಲ್ಲ. ಅವರ ಉಪಾಯಗಳೆಲ್ಲ ಬಾಯಿ ತೆಗೆಯದಿರುವ ಕಡೆಗೇ ಹರಿಯುತ್ತಿದ್ದವು.

ಕಮರುದ್ದೀನ ಕೊಡಲಿಲ್ಲ. ಆ ಜಮಖಾನಿ ಬಂದ ಮೇಲೆ ಅಂಗಡಿ ಏಳಿಗೆಯಾಗಿದೆ ಅಂದ. ಅಷ್ಟೇ ಅಲ್ಲ, ಬಂದವರಿಗೆಲ್ಲ ತೋರಿಸಲು ಅದರ ಮೇಲೆ ಅರ್ಧ ಕಪ್ಪು ಚಹಾ ಸುರಿದು, ನೀರು ಹಾಕಿ ಉಜ್ಜಿ, ನೋಡ್ರಿ ಹೆಂಗ ಹೋತು ಅನ್ನುತ್ತಿದ್ದ. ಇದು ಶರೀಫ್ ಚಾಚಾರ ಹೆಸರು ಬೆಳೆಸಲು ತಾನು ಮಾಡುವ ಸೇವೆ ಅಂತ ತಿಳಿದಿದ್ದ.

ಅದನ್ನು ಕಣ್ಣಾರೆ ಕಂಡ ಮೇಲೆ ಯಜಮಾನರು ಅಂಗಡಿಯ ಬಾಗಿಲು ಬಿಟ್ಟು ಅಲ್ಲಾಡಲಿಲ್ಲ. ಬೆಳಗ್ಗೆ ಹೋಗಿ ಜಮಖಾನಿಯ ಪಕ್ಕ ನಿಲ್ಲುವುದು; ಯಾರು ಬಂದರೂ ಚಪ್ಪಲಿ ಬಿಡ್ರಿ, ದಯಮಾಡಿ ಚಪ್ಪಲಿ ಬಿಡ್ರಿ ಅನ್ನುವುದು. ಕೆಲವರು ಜಗಳಾಡಿದರು. ಕೆಲವರು ಕೈಗೆ ಚಿಲ್ಲರೆ ಹಾಕಿದರು. ಬಿಳಿ ಗಡ್ಡದ ಮನುಷ್ಯ ಹೀಗೆ ಕೈಮುಗಿದು ಕೇಳುತ್ತಾನೆಂದರೆ ಒಳಗೆ ಏನೋ ಇರಬೇಕು ಅಂತ ಜನ ತಾವೇ ತಿಳಿದುಕೊಂಡರು. ಕಮರುದ್ದೀನನ ಅಂಗಡಿಗೆ ಚಪ್ಪಲಿ ಬಿಟ್ಟು ಹೋಗಬೇಕಂತೆ ಎಂಬ ಸುದ್ದಿ ಕೇಶ್ವಾಪುರದ ಸರ್ಕಲ್ ದಾಟಿ ರೈಲ್ವೆ ಸ್ಟೇಷನ್ನಿನವರೆಗೂ ಹೋಯಿತು. ಒಬ್ಬಾಕೆ ಹೊಸ್ತಿಲಿಗೆ ಎರಡು ಊದುಬತ್ತಿ ಹಚ್ಚಿ, ಒಂದು ಪ್ಲೇಟು ಗಿರ್ಮಿಟ್ಟು ಕಟ್ಟಿಸಿಕೊಂಡು, ಹಿಂದೆಹಿಂದೆ ಹೆಜ್ಜೆ ಇಡುತ್ತ ಹೋದಳು.

ಅದೇ ಹೊತ್ತಿಗೆ ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರು ಬಂದರು. ಬರಿಗಾಲಲ್ಲಿ ನಿಂತು ಮಿರ್ಚಿ ತಿನ್ನುವ ಜನರನ್ನು ಕಂಡು, ಸ್ವಚ್ಛತೆ ಅಂದರೆ ಇದು ಅಂತ ಹೊಗಳಿ, ಇನ್ನು ಮುಂದೆ ನೀವೂ ಹೀಗೆಯೇ ಮಾಡಬೇಕು ಅಂತ ಅಕ್ಕಪಕ್ಕದ ಅಂಗಡಿಗಳಿಗೆಲ್ಲ ತಾಕೀತು ಮಾಡಿದರು. ಪಕ್ಕದ ಅಂಗಡಿಯವನದು ಚಪ್ಪಲಿ ವ್ಯಾಪಾರ. ಅವನು ಕಮರುದ್ದೀನನ ಕೊರಳಪಟ್ಟಿ ಹಿಡಿದ. ಗದ್ದಲದಲ್ಲಿ ಇನ್ಸ್‌ಪೆಕ್ಟರ ಬೂಟುಗಳೇ ಕಾಣೆಯಾದವು.

ಕಮರುದ್ದೀನ ಜಮಖಾನಿ ಸುತ್ತಿಕೊಂಡು ನೇರ ನಮ್ಮ ಮನೆಗೆ ಬಂದು ನನ್ನ ಮುಂದೆ ಇಟ್ಟ. "ಚಾಚಿ, ಇದೂ ನಿಮ್ಮದಽ, ಚಾಚಾನೂ ನಿಮ್ಮವರಽ. ಎರಡೂ ಮನ್ಯಾಗ ಇಟ್ಕೊಳ್ರಿ. ನಾ ಗೋಣಿಚೀಲ ಹಾಸ್ಕೋತೀನಿ," ಅಂದ.

ಮತ್ತೊಮ್ಮೆ ತೊಳೆದೆ. ನಿಧಾನಕ್ಕೆ ತೊಳೆದೆ. ಯಜಮಾನರು ಅದನ್ನು ಚೀಲದಲ್ಲಿಟ್ಟುಕೊಂಡು ಧಾರವಾಡಕ್ಕೆ ಮೊಪೆಡ್ ಹತ್ತಿದರು.

ಆದರೆ ಅಷ್ಟು ದಿನಗಳಲ್ಲಿ ಧಾರವಾಡದ ಜಮಖಾನಿಯೂ ಸುಮ್ಮನೆ ಕೂತಿರಲಿಲ್ಲ. ಅದರ ಮೇಲೆ ಕೂತ ಮೇಲೆ ಚಿನ್ಮಯೀಯ ಮೇಲಿನ ಸ್ವರ ಸಲೀಸಾಗಿ ಹತ್ತುತ್ತದೆ ಅಂತ ಏಕನಾಥರಾಯರು ನಾಲ್ಕು ಜನರಿಗೆ ಹೇಳಿದ್ದರು, ಆ ನಾಲ್ಕು ಜನ ನಲವತ್ತು ಜನರಿಗೆ ಹೇಳಿದ್ದರು. ಗಂಟಲು ಕಟ್ಟಿದ ಮಾಸ್ತರರು, ನಾಟಕದ ನಟರು, ಹರಾಜು ಕೂಗುವವರು, ಎಲ್ಲ ಬಂದು ಹಣೆ ಹಚ್ಚಿ ಹೋಗುತ್ತಿದ್ದರು. ಕರೆಂಟ್ ಆಫೀಸಿನ ಸಾಹೇಬರು ಗಂಟಲು ಸರಿಯಿದ್ದರೂ ವಾರಕ್ಕೊಮ್ಮೆ ಬಂದು ಮೂಸಿ, ಎದುರಿನ ಖಾನಾವಳಿಗೆ ಹೋಗುತ್ತಿದ್ದರು.

ತೊಳೆದುಕೊಡುತ್ತೇನೆ ಅಂದರೆ ಏಕನಾಥರಾಯರು ಎದೆಯ ಮೇಲೆ ಕೈ ಇಟ್ಟುಕೊಂಡರಂತೆ. ತೊಳೆದರೆ ಆಯಿಯ ವಾಸನೆ ಹೋಗುವುದಿಲ್ಲವೇ? ತೊಳೆಯಬಹುದು ಎಂಬುದೊಂದೇ ನಮ್ಮ ಸರಕಿನ ಗುಣ. ಅದನ್ನು ತೊಳೆಯಬಾರದು ಅಂತ ಗೋಡೆಗೆ ಚೀಟಿ ಅಂಟಿಸಿದ್ದರು. ಯಜಮಾನರು ಇನ್ನೇನು ಹೇಳಬೇಕು, ಅಷ್ಟರಲ್ಲಿ ಶಿಷ್ಯವೃಂದ ಬಂದು ಕೂತಿತು. ಮರುಬಳಕೆಯ ಬಟ್ಟೆ ಮತ್ತು ಗುರುಭಕ್ತಿ ಎಂಬ ವಿಷಯದ ಮೇಲೆ ನಮ್ಮ ಯಜಮಾನರೇ ಎರಡು ಮಾತಾಡಿ ಬಂದರು. ಚೀಲದಲ್ಲಿದ್ದ ಆಯಿ ಚೀಲದಲ್ಲಿಯೇ ಮನೆಗೆ ಬಂದರು, ಜೊತೆಗೆ ಇನ್ನೊಂದು ಶಾಲು.

ಹೀಗೆ ಅವರು ಹೇಳಲು ಹೋದಾಗಲೆಲ್ಲ ಏನಾದರೊಂದು ಹೊದ್ದುಕೊಂಡು ಬಂದರು. ಬೈರಿದೇವರಕೊಪ್ಪದಲ್ಲಿ ಅಷ್ಟು ಶಾಲು ಬೇಕಾಗುವ ಚಳಿ ಎಂದೂ ಬಿದ್ದಿಲ್ಲ.

ಬಾಯಿಂದ ಆಗದಿದ್ದರೆ ಕಾಗದ ಬರೆಯೋಣ ಅಂದೆ. ನಾನು ಅಕ್ಷರ ಕಲಿತದ್ದು ತಡವಾಗಿ, ರಾತ್ರಿ ಸಾಲೆಯಲ್ಲಿ. ಆದರೆ ಕಲಿತದ್ದು ಮರೆತಿಲ್ಲ. ಮಿರಜದ ವಿಳಾಸ ಚಿನ್ಮಯೀ ಕೊಟ್ಟಿದ್ದಳು. ಯಜಮಾನರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ಮೊದಲು ಕ್ಷೇಮ ಸಮಾಚಾರ. ಆಮೇಲೆ ಮಿರಜದ ಹವೆ ಹೇಗಿದೆ ಎಂಬ ವಿಚಾರಣೆ. ಆಮೇಲೆ ಹಿಂದಿನ ಕಾಲದ ನೂಲಿಗೂ ಈಗಿನ ನೂಲಿಗೂ ಇರುವ ವ್ಯತ್ಯಾಸ. ಹಾಳೆ ತುಂಬಿತು, ವಿಷಯ ಬರಲಿಲ್ಲ. ಕಡೆಗೆ ನಾನೇ ಬೇರೆ ಹಾಳೆ ತೆಗೆದುಕೊಂಡು, ನೀವು ಹೇಳಿದ್ದು ಖರೇ, ನಮ್ಮದು ತಪ್ಪಾಗಿದೆ ಅಂತ ಬರೆದು ಸಹಿ ಮಾಡಿರಿ ಅಂದೆ. ಓದಿಸಿ ಕೇಳಿದರು. ಅಕ್ಷರ ಛಲೋ ಬಂದಿವೆ, ಶುಕ್ರವಾರ ಸಹಿ ಮಾಡುತ್ತೇನೆ ಅಂದರು.

ಶುಕ್ರವಾರಗಳು ಬಂದವು, ಹೋದವು. ಮಳೆಗಾಲ ಹೋಯಿತು, ರಂಜಾನ್ ಹೋಯಿತು. ಕಾಗದ ಮಗ್ಗದ ಮೇಲಿನ ಗೂಡಿನಲ್ಲಿ ಕೂತು ನನ್ನನ್ನೇ ನೋಡುತ್ತಿತ್ತು. ಸಹಿ ಇಲ್ಲದೆ ನಾನೇ ಕಳಿಸಬಹುದಿತ್ತು. ಆದರೆ ಸಭೆಯಲ್ಲಿ ಆಕೆಯನ್ನು ಸುಳ್ಳಿ ಮಾಡಿದ ಬಾಯಿ ಬೇರೆ, ಕಾಗದದಲ್ಲಿ ತಪ್ಪು ಅನ್ನುವ ಕೈ ಬೇರೆ ಆದರೆ ಓದಿದವರಿಗೆ ಏನು ಸಿಕ್ಕಂತಾಯಿತು?

ಸೀರೆಯ ಜಮಖಾನಿಯನ್ನು ನಾವು ಹಾಸಲಿಲ್ಲ. ಆಗಾಗ ತೆಗೆದು, ನೀರು ಕಾಣಿಸಿ, ಬಿಸಿಲಿಗೆ ಹಾಕುತ್ತಿದ್ದೆ. ಹಾಗೆ ಹಿತ್ತಲ ತಂತಿಯ ಮೇಲೆ ಹಾಕಿದ್ದ ಒಂದು ದಿನ ಏಕನಾಥರಾಯರು ತಾವೇ ಬಂದರು. ಮುಂಬಾಗಿಲಿಗೆ ಮಗ್ಗ ಅಡ್ಡವಿತ್ತು, ಹಿತ್ತಲಿಂದ ಬರ್ರಿ ಅಂದೆ. ಗಾಳಿ ಇತ್ತು. ಜಮಖಾನಿ ಬೀಸಿ ಬಂದು ಅವರ ಮುಖಕ್ಕೇ ಬಡಿಯಿತು. ಅವರು ಮುಖ ಒರೆಸಿಕೊಂಡು, ಕೈಯಿಂದ ಅದನ್ನು ಆ ಕಡೆ ಸರಿಸಿ, ಬಗ್ಗಿ ಒಳಗೆ ಬಂದರು.

ಯಜಮಾನರು ಬಾಗಿಲಲ್ಲಿ ನಿಂತು ನೋಡಿದರು. ನಾನೂ ನೋಡಿದೆ.

ಆಯಿಯ ವರ್ಷಾಂತಿಕ ಬಂತು ಅಂತ ಹೇಳಲು ಬಂದಿದ್ದರು. ಜೊತೆಗೆ ಶಾಲೂ ತಂದಿದ್ದರು. ಕೂತ ಮೇಲೆ ಅವರ ಮೊದಲಿನ ಠೀವಿ ಕಾಣಲಿಲ್ಲ. ಇಂದೂ ಬರುವುದಿಲ್ಲ ಅಂದಿದ್ದಾಳೆ ಅಂದರು. ಅಣ್ಣಾ, ಅದರಲ್ಲಿ ಆಯಿ ಇಲ್ಲ ಅಂತ ನೀನು ಒಂದು ಸಲ ಒಪ್ಪು, ಮರುದಿನ ಬರುತ್ತೇನೆ ಅಂದಳಂತೆ ಫೋನಿನಲ್ಲಿ.

"ಒಪ್ಪೂದು ಹ್ಯಾಂಗ್ರಿ? ನೀವಽ ನಿಮ್ಮ ಬಾಯಿಲೆ ಹೇಳೀರಿ. ಆಯಿ ಮಕ್ಕಳಂತ ಇಬ್ಬರಽ ಉಳಿದೀವಿ, ಆಕಿ, ನಾನು. ಒಂದು ಸೀರಿಗಾಗಿ ಹಿಂಗ ಮಾಡಿದರ?" ಅಂದು ಚಷ್ಮಾ ತೆಗೆದು ಒರೆಸಿಕೊಂಡರು. ನಾನು ಯಜಮಾನರ ಕಡೆ ನೋಡಿದೆ. ಏಕನಾಥರಾಯರು ಎದ್ದು ನಿಂತು ಶಾಲು ಹೊದಿಸಲು ಕೈ ಎತ್ತಿದರು.

"ಬ್ಯಾಡ್ರಿ," ಅಂದರು ಯಜಮಾನರು. ಅಷ್ಟೇ ಅಂದರು.

ವಿನಯ ಅಂದರೆ ಇದು ಅಂತ ಏಕನಾಥರಾಯರು ಕೈಮುಗಿದು, ಹಿತ್ತಲ ತಂತಿಯ ಕೆಳಗೆ ಮತ್ತೊಮ್ಮೆ ಬಗ್ಗಿ ಹೋದರು.

ಯಜಮಾನರು ಗೂಡಿಗೆ ಕೈ ಹಾಕಿ ಕಾಗದ ತೆಗೆದು ಧೂಳು ಊದಿದರು. "ಬರೇ ಮಾತಿಗೆ ಆಕಿ ಅಣ್ಣ ನಂಬತಾನೇನು, ಹಾಜರಾ? ಗುರ್ತಿಗೆ ಏನರ ಇಡಬೇಕಿತ್ತು," ಅಂದರು. ಗುರುತು ಅಂದದ್ದಕ್ಕೆ ನನಗೆ ಆ ಚೀಲದ ಬಾಯಿಗೆ ಕಟ್ಟಿದ್ದ ತುಂಡು ನೆನಪಾಯಿತು. ಕಸೂತಿಯ ಸೆರಗಿನಿಂದಲೇ ಕತ್ತರಿಸಿ ಕಟ್ಟಿದ್ದೆ. ಅದನ್ನು ಎಲ್ಲಿ ಎಸೆದಿರಿ ಅಂತ ಕೇಳಿದೆ.

ಅವರು ಅಂಗಳಕ್ಕೆ ಹೋದರು. ಮೊಪೆಡ್ಡಿನ ಸೀಟು ಎತ್ತಿದರು. ಅದರ ಕೆಳಗಿಂದ ಎಣ್ಣೆ ಹಿಡಿದು ಕರ್ರಗಾದ ಒಂದು ಒರಸು ಬಟ್ಟೆ ತೆಗೆದು ನನ್ನ ಕೈಗೆ ಕೊಟ್ಟರು. ಅಷ್ಟು ದಿನ ಧಾರವಾಡಕ್ಕೆ ಹೋಗುವಾಗೆಲ್ಲ ಅದರಿಂದಲೇ ಸೀಟು ಒರೆಸಿಕೊಂಡು ಹೋಗಿದ್ದರು.

ಸಾಬೂನು ಹಚ್ಚಿ ನೆನೆಯಿಟ್ಟೆ, ಉಜ್ಜಿದೆ, ಮತ್ತೆ ನೆನೆಯಿಟ್ಟೆ. ಸಂಜೆಗೆ ಹಸಿರು ಕಂಡಿತು. ಆಮೇಲೆ ಬಿಳಿ ದಾರ. ತಂತಿಯ ಮೇಲಿನ ಜಮಖಾನಿಯ ಆ ಎಳೆಗೆ ಹಿಡಿದರೆ ಗೋಪುರ ಪೂರ್ತಿಯಾಯಿತು. ಬೆಳಗ್ಗೆ ಇಸ್ತ್ರಿ ಮಾಡಿ, ಕಾಗದದ ಮೂಲೆಗೆ ನಾಲ್ಕು ಹೊಲಿಗೆ ಹಾಕಿದೆ. ಇದರ ಇನ್ನರ್ಧ ನಮ್ಮ ಮನೆಯಲ್ಲಿದೆ, ನೀವು ಬಂದಾಗ ಕೊಡುತ್ತೇವೆ, ನಿಮ್ಮ ಅಣ್ಣನಿಗೂ ಇದನ್ನು ತೋರಿಸಿರಿ ಅಂತ ಕೆಳಗೆ ಬರೆದೆ. ಯಜಮಾನರು ಸಹಿ ಮಾಡಿದರು. ಶರೀಫಸಾಬ ಎಂಬ ಹೆಸರು ಹಾಳೆಯ ಅಂಚಿನ ತನಕ ಹೋಯಿತು.

ಪೋಸ್ಟ್ ಆಫೀಸಿಗೆ ಇಬ್ಬರೂ ಹೋದೆವು. ದಾರಿಯಲ್ಲಿ ಅವರು, ಇಂದು ಒಳ್ಳೆಯ ದಿನವೋ ಅಲ್ಲವೋ ಅಂದರು, ನಾನು ಕೇಳಿಸಿಕೊಳ್ಳಲಿಲ್ಲ. ರಜಿಸ್ಟರ್ ಮಾಡುವ ಗುಮಾಸ್ತ ಕವರನ್ನು ಹಿಚುಕಿ ನೋಡಿ, ಕಳಿಸುವವರ ವಿಳಾಸ ಎಲ್ಲಿ ಅಂದ. ರೂಢಿಯ ಮೇಲೆ ಯಜಮಾನರ ಕೈ ಜೇಬಿಗೆ ಹೋಗಿ ಬಂಗಾರದ ಅಕ್ಷರದ ಕಾರ್ಡು ಹೊರಗೆ ತಂದಿತು. ಒಂದು ಗಳಿಗೆ ಅದನ್ನು ನೋಡಿದರು. ವಾಪಸ್ ಜೇಬಿಗೆ ಹಾಕಿ, ನೀನು ಬರಿ ಅಂತ ಪೆನ್ನು ನನಗೆ ಕೊಟ್ಟರು. ಬರೆದೆ.

ಗುಮಾಸ್ತ ಮತ್ತೆ ಕವರ್ ಹಿಚುಕಿದ. "ದಪ್ಪ ಐತಲ್ಲ, ಒಳಗೇನೈತ್ರಿ?" ಅಂದ.

ಹಿಂದೆ ಸಾಲಿನಲ್ಲಿ ಜನರಿದ್ದರು.

"ಚಿಂದಿರೀ," ಅಂದರು ಯಜಮಾನರು. "ಅರಿವಿ ಚಿಂದಿ."

ಗುಮಾಸ್ತ ಠಸ್ಸೆ ಒತ್ತಿ, ಕಾಗದವನ್ನು ಹಿಂದಿದ್ದ ಚೀಲಕ್ಕೆ ಎಸೆದ. ನಾವು ನಿಂತೇ ಇದ್ದೆವು. ಸ್ವಲ್ಪ ಹೊತ್ತಿಗೆ ಒಬ್ಬ ಬಂದು ಆ ಚೀಲದ ಬಾಯಿ ಕಟ್ಟಿ ಹೊತ್ತುಕೊಂಡು ಹೋದ.